ಸರೋವರದ ಸಣ್ಣ ಊರಿನಲ್ಲಿ ಒಂದು ವಾರಾಂತ್ಯ: ನೀರಿನ ಹೊತ್ತು ನೋಡಿ ಪ್ಲಾನ್ ಮಾಡುವ ಬಗೆ

ಸರೋವರದ ದಡದ ಸಣ್ಣ ಊರಿಗೆ ಹೊರಡುವ ಮುಂಚೆ ಹೆಚ್ಚಿನವರು ಹುಡುಕುವುದು ‘ನೋಡಲೇಬೇಕಾದ ಹತ್ತು ಜಾಗಗಳು’. ಅಂಥ ಊರಿನಲ್ಲಿ ಹತ್ತು ಜಾಗ ಇರುವುದೇ ಅಪರೂಪ. ಇರುವುದು ನೀರು, ನೀರಿನ ಸುತ್ತ ಒಂದು ದಾರಿ, ನಾಲ್ಕಾರು ಬೀದಿ, ಒಂದು ದೋಣಿ ಕಟ್ಟೆ. ಆದರೆ ಇಷ್ಟನ್ನೇ ಬೆಳಗ್ಗೆ ಆರಕ್ಕೆ ನೋಡಿದರೆ ಒಂದು ಥರ, ಮಧ್ಯಾಹ್ನ ಎರಡಕ್ಕೆ ನೋಡಿದರೆ ಇನ್ನೊಂದು ಥರ. ಬೆಳಗ್ಗೆ ಕದಲದೆ ನಿಂತಿದ್ದ ನೀರು ಮಧ್ಯಾಹ್ನ ಗಾಳಿಗೆ ಎದ್ದು ದಡಕ್ಕೆ ಬಡಿಯುತ್ತಿರುತ್ತದೆ. ಬೆಳಗ್ಗೆ ಖಾಲಿ ಇದ್ದ ಬೀದಿಯಲ್ಲಿ ಮಧ್ಯಾಹ್ನ ಕಾಲಿಡಲು ಜಾಗ ಇರುವುದಿಲ್ಲ. ಹಾಗಾಗಿ ಈ ಪ್ರವಾಸದ ಪ್ಲಾನನ್ನು ಜಾಗ ಹಿಡಿದು ಮಾಡಬೇಡಿ, ಹೊತ್ತು ಹಿಡಿದು ಮಾಡಿ. ಮುಂದಿನ ಹಂತಗಳೆಲ್ಲ ಇದೇ ಲೆಕ್ಕದಲ್ಲಿವೆ.

ಹಂತ 1: ಊರು ಆರಿಸುವಾಗ

ಕೈಗೆ ಸಿಗುವುದು ಎರಡು ರಾತ್ರಿ, ಎರಡು ಬೆಳಗು, ಅಷ್ಟೆ. ಮನೆ ಬಾಗಿಲಿಂದ ರೂಮಿನ ಬಾಗಿಲವರೆಗೆ ನಾಲ್ಕು ಗಂಟೆ ಮೀರುವುದಾದರೆ ಆ ಊರನ್ನು ಮೂರು ದಿನದ ರಜೆಗೆ ಇಟ್ಟುಕೊಳ್ಳಿ. ಮ್ಯಾಪ್ ತೋರಿಸುವ ಸಮಯವನ್ನು ಹಾಗೇ ನಂಬಬೇಡಿ. ಸ್ಟೇಷನ್ ತಲುಪುವುದು, ಬಸ್ಸಿಗೆ ಕಾಯುವುದು, ಕೊನೆಯ ತಿರುವಿನ ರಸ್ತೆ, ಪಾರ್ಕಿಂಗ್‌ಗೆ ಸುತ್ತಾಡುವುದು ಎಲ್ಲ ಸೇರಿ ಒಂದು ಗಂಟೆಯಾದರೂ ಜಾಸ್ತಿ ಹಿಡಿಯುತ್ತದೆ.

ಎತ್ತರವನ್ನೂ ನೋಡಿ. ಪೆರು ಮತ್ತು ಬೊಲಿವಿಯಾ ನಡುವಿನ ಟಿಟಿಕಾಕಾ ಸರೋವರ ಸಮುದ್ರ ಮಟ್ಟದಿಂದ ಸುಮಾರು 3,812 ಮೀಟರ್ ಮೇಲಿದೆ. ತಗ್ಗಿನಿಂದ ನೇರವಾಗಿ ಅಂಥ ಜಾಗಕ್ಕೆ ಹೋದವರಿಗೆ ಮೊದಲ ದಿನ ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಸಾಮಾನ್ಯ. 2,500 ಮೀಟರ್ ದಾಟಿದ ಮೇಲೆ ಯಾರಿಗೆ ಬೇಕಾದರೂ ಹೀಗಾಗಬಹುದು. ಎರಡು ದಿನದ ಪ್ರವಾಸದಲ್ಲಿ ಒಂದು ದಿನ ಹಾಸಿಗೆಯಲ್ಲೇ ಕಳೆದುಹೋದರೆ ಹೋಗಿ ಏನು ಪ್ರಯೋಜನ?

ಇನ್ನು ಹೆಸರಿನ ಮಾತು. ಆಸ್ಟ್ರಿಯಾದ ಹಾಲ್‌ಸ್ಟಾಟ್‌ನಲ್ಲಿ ವಾಸ ಇರುವವರು 800ಕ್ಕಿಂತ ಕಡಿಮೆ. 1997ರಲ್ಲಿ ಆ ಪ್ರದೇಶ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಈಗ ಒಳ್ಳೆಯ ದಿನಗಳಲ್ಲಿ ಸಾವಿರಾರು ಜನ ಬಂದು ಸಂಜೆಯೊಳಗೆ ವಾಪಸ್ ಹೋಗುತ್ತಾರೆ. ಇಂಥ ಊರಿಗೆ ಹೋಗಲೇಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ಹಗಲು ಹೋಗಿ ಹಗಲೇ ಬರಬೇಡಿ, ರಾತ್ರಿ ಉಳಿಯಿರಿ. ಇಲ್ಲದಿದ್ದರೆ ಅದೇ ಸರೋವರದ ಪಕ್ಕದ ಊರಿನಲ್ಲಿ ರೂಮು ಹಿಡಿಯಿರಿ. ಹಾಲ್‌ಸ್ಟಾಟ್‌ಗೆ ಓಬರ್‌ಟ್ರೌನ್ ಇರುವ ಹಾಗೆ, ಹೆಸರುವಾಸಿ ಊರಿನ ಪಕ್ಕದಲ್ಲಿ ಸದ್ದಿಲ್ಲದ ಇನ್ನೊಂದು ಊರು ಇದ್ದೇ ಇರುತ್ತದೆ. ನೀರು ಅದೇ, ಬೆಟ್ಟವೂ ಅದೇ.

ಹಂತ 2: ತಿಂಗಳು ಆರಿಸುವಾಗ

ನೀರು ನೆಲಕ್ಕಿಂತ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಸರೋವರದ ಊರಿನ ಹವೆ ಅರ್ಥ ಮಾಡಿಕೊಳ್ಳಲು ಇದೊಂದು ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ಉತ್ತರದ ತಂಪು ದೇಶಗಳಲ್ಲಿ ದೊಡ್ಡ ಹಗಲು ಜೂನ್‌ನಲ್ಲಿ ಬರುತ್ತದೆ, ಆದರೆ ಆಳದ ಸರೋವರಗಳ ನೀರು ಬೆಚ್ಚಗಾಗಲು ಆಗಸ್ಟ್ ಬರಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ಚೆನ್ನಾಗಿರುತ್ತದೆ, ಅಂಗಿ ತೋಳು ಮಡಚಿ ಓಡಾಡಬಹುದು. ನೀರಿಗೆ ಕೈ ಇಟ್ಟರೆ ಮಾತ್ರ ಇನ್ನೂ ಚಳಿಗಾಲ.

ಈಜುವುದು ಮುಖ್ಯ ಅಂದರೆ ಬೇಸಿಗೆಯ ಕೊನೆಗೆ ಹೋಗಿ. ನಡೆಯುವುದು, ಫೋಟೋ, ಸುಮ್ನೆ ಕೂರುವುದು ಮುಖ್ಯ ಅಂದರೆ ಬೇಸಿಗೆ ಮುಗಿದ ಮೊದಲ ವಾರಗಳು ಬಹಳ ಒಳ್ಳೆಯವು. ಶಾಲೆಗಳು ಶುರುವಾಗಿ ಜನ ಕಡಿಮೆಯಾಗಿರುತ್ತಾರೆ. ಇನ್ನೂ ಬೆಚ್ಚಗಿರುವ ನೀರಿನ ಮೇಲೆ ರಾತ್ರಿಯ ತಣ್ಣನೆ ಗಾಳಿ ಹಾಯ್ದಾಗ ಬೆಳಗ್ಗೆ ನೀರಿಂದಲೇ ಮಂಜು ಏಳುತ್ತದೆ. ಹೆಚ್ಚಿನ ದಿನ ಬಿಸಿಲೇರಿದ ಹಾಗೆ ಅದು ಕರಗಿಹೋಗುತ್ತದೆ. ಅದನ್ನು ನೋಡಲಿಕ್ಕೆಂದೇ ಹೋಗಬಹುದು.

ಇನ್ನೊಂದು ವಿಷಯ ಮರೆಯಬಾರದು: ಅದು ಸಹಜ ಸರೋವರವೋ, ಅಣೆಕಟ್ಟಿನ ಹಿನ್ನೀರೋ? ಹಿನ್ನೀರಾದರೆ ಒಣ ತಿಂಗಳುಗಳಲ್ಲಿ ನೀರು ಬಹಳ ಕೆಳಗೆ ಹೋಗಿರಬಹುದು. ದೋಣಿ ಕಟ್ಟೆ ಕೆಸರಿನ ಮೇಲೆ ನಿಂತಿರುತ್ತದೆ, ನೀರು ಮುಟ್ಟಲು ಬಿರುಕು ಬಿಟ್ಟ ಮಣ್ಣಿನ ಮೇಲೆ ನಡೆಯಬೇಕು. ಜಾಹೀರಾತಿನ ಫೋಟೋಗಳು ತುಂಬಿದಾಗ ತೆಗೆದವು. ನಿಜ ಸ್ಥಿತಿ ತಿಳಿಯಲು ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರ ನೋಡಿ. ಅವು ಹೆಚ್ಚುಕಡಿಮೆ 5 ದಿನಕ್ಕೊಮ್ಮೆ ಒಂದೇ ಜಾಗದ ಮೇಲೆ ಹಾಯುತ್ತವೆ. ಕೋಪರ್ನಿಕಸ್ ಬ್ರೌಸರ್ ಎಂಬ ವೆಬ್‌ಸೈಟಿನಲ್ಲಿ ಚಿತ್ರಗಳು ಪುಕ್ಕಟೆ ಸಿಗುತ್ತವೆ. ಮೋಡ ಇಲ್ಲದ ಒಂದು ದಿನ ಹುಡುಕಿ, ಹೋದ ವರ್ಷದ ಇದೇ ವಾರದ ಚಿತ್ರವನ್ನೂ ಪಕ್ಕದಲ್ಲಿಟ್ಟು ನೋಡಿ. ಹತ್ತು ನಿಮಿಷದ ಕೆಲಸ.

ಹಂತ 3: ಯಾವ ದಡದಲ್ಲಿ ರೂಮು?

ಈ ಪ್ರಶ್ನೆ ಯಾರೂ ಕೇಳುವುದಿಲ್ಲ, ಆದರೆ ಇಡೀ ವಾರಾಂತ್ಯ ಇದರ ಮೇಲೆ ನಿಂತಿದೆ. ಪೂರ್ವ ದಡದಲ್ಲಿದ್ದರೆ ಸೂರ್ಯ ನೀರಿನ ಆಚೆ ಮುಳುಗುವುದು ಕಾಣುತ್ತದೆ. ಪಶ್ಚಿಮ ದಡದಲ್ಲಿದ್ದರೆ ನೀರಿನ ಆಚೆಯಿಂದ ಹುಟ್ಟುವುದು ಕಾಣುತ್ತದೆ. ಬೆನ್ನಿಗೆ ಬೆಟ್ಟ ಇದ್ದರೆ ಲೆಕ್ಕ ಇನ್ನೂ ಬದಲಾಗುತ್ತದೆ. ಹಾಲ್‌ಸ್ಟಾಟ್ ಪಶ್ಚಿಮ ದಡದಲ್ಲಿ ಕಡಿದಾದ ಬೆಟ್ಟಕ್ಕೆ ಒರಗಿಕೊಂಡಿದೆ. ಬಿಸಿಲು ಬೇಗ ಬೆಟ್ಟದ ಹಿಂದೆ ಹೋಗಿ, ಎದುರು ದಡ ಇನ್ನೂ ಬೆಳಗುತ್ತಿರುವಾಗಲೇ ಊರಿಗೆ ನೆರಳು ಬೀಳುತ್ತದೆ. ಚಳಿಗಾಲದಲ್ಲಿ ಇದು ಬಹಳ ಜಾಸ್ತಿ. ಉತ್ತರ ಗೋಳಾರ್ಧದಲ್ಲಿ ಬೆಟ್ಟದ ಉತ್ತರ ಮಗ್ಗುಲಿಗೆ ಅಂಟಿಕೊಂಡ ಊರುಗಳಿಗೂ ಇದೇ ಪಾಡು.

ರೂಮು ಬುಕ್ ಮಾಡುವ ಮುಂಚೆ ಫೋನ್ ಮಾಡಿ ಇಷ್ಟು ಕೇಳಿ. ರೂಮಿನ ಕಿಟಕಿಯಿಂದ ನೀರು ಕಾಣುತ್ತದೋ, ಬರೀ ಊಟದ ಹಾಲಿನಿಂದಲೋ? ರೂಮಿಗೂ ನೀರಿಗೂ ನಡುವೆ ದೊಡ್ಡ ರಸ್ತೆ ಇದೆಯೇ? ಕಟ್ಟೆಯಿಂದ ರೂಮಿಗೆ ಎಷ್ಟು ಮೆಟ್ಟಿಲು? ಬೆಟ್ಟಕ್ಕೆ ಕಟ್ಟಿದ ಊರುಗಳಲ್ಲಿ ‘ಐದು ನಿಮಿಷದ ದಾರಿ’ ಅಂದರೆ ಐದು ನಿಮಿಷದ ಹತ್ತುವಿಕೆ. ಮನೆಯ ಹಿರಿಯರು ಜೊತೆಗಿದ್ದರೆ ಇದನ್ನು ಕೇಳದೆ ದುಡ್ಡು ಕಟ್ಟಬೇಡಿ. ಶುಕ್ರವಾರ ರಾತ್ರಿ ಎಷ್ಟು ಗಂಟೆವರೆಗೆ ಬಾಗಿಲು ತೆಗೆಯುತ್ತಾರೆ, ಆ ಹೊತ್ತಿಗೆ ಊಟ ಸಿಗುತ್ತದೆಯೇ ಎಂಬುದನ್ನೂ ಕೇಳಿ. ಸಣ್ಣ ಊರುಗಳಲ್ಲಿ ಅಡುಗೆಮನೆಗಳು ಬೇಗ ಮುಚ್ಚುತ್ತವೆ.

ನೀರು ಕಾಣುವ ರೂಮಿಗೆ ಜಾಸ್ತಿ ದುಡ್ಡು ಕೊಡಬೇಕೇ? ನನ್ನ ಪ್ರಕಾರ, ಕಟ್ಟೆಗೆ ಹತ್ತು ನಿಮಿಷದಲ್ಲಿ ನಡೆದು ಹೋಗಬಹುದಾದರೆ ಬೇಡ. ಎದ್ದ ಹೊತ್ತಿನಲ್ಲಿ ನೀವು ಹೊರಗೇ ಇರುತ್ತೀರಿ. ಆದರೆ ಚಿಕ್ಕ ಮಗು ಇದ್ದರೆ, ಅಥವಾ ನಡೆಯಲು ಕಷ್ಟ ಇರುವವರು ಜೊತೆಗಿದ್ದರೆ ಕೊಡಿ. ಅವರ ಪ್ರವಾಸ ಆ ಕಿಟಕಿಯಲ್ಲೇ ಆಗುತ್ತದೆ.

ಹಂತ 4: ದೋಣಿಯ ವೇಳಾಪಟ್ಟಿ ಓದುವುದು

ಎಲ್ಲಕ್ಕಿಂತ ಹೆಚ್ಚು ಸಮಯ ಇಲ್ಲಿ ಕೊಡಿ. ಎಷ್ಟೋ ಸರೋವರಗಳಲ್ಲಿ ದೋಣಿ ಬರೀ ವಿಹಾರಕ್ಕಲ್ಲ, ಅದೇ ಬಸ್ಸು. ಹಾಲ್‌ಸ್ಟಾಟ್‌ನ ರೈಲು ನಿಲ್ದಾಣ ಇರುವುದು ಎದುರು ದಡದಲ್ಲಿ. ರೈಲು ಇಳಿದವರು ದೋಣಿ ಹತ್ತಿಯೇ ಊರಿಗೆ ಬರಬೇಕು, ದೋಣಿಯ ಸಮಯವನ್ನು ರೈಲಿಗೆ ಹೊಂದಿಸಿರುತ್ತಾರೆ. ರಾತ್ರಿ ತಡವಾಗಿ ಬರುವ ರೈಲಿಗೆ ದೋಣಿ ಇರುವುದಿಲ್ಲ. ಇಟಲಿಯ ಕೋಮೋ ಸರೋವರದಲ್ಲಿ ಬೆಲಾಜಿಯೋ, ವರೆನ್ನಾ, ಮೆನಾಜಿಯೋ ಮೂರೂ ಬೇರೆ ಬೇರೆ ದಡದಲ್ಲಿವೆ. ರೈಲು ಇರುವುದು ವರೆನ್ನಾಗೆ ಮಾತ್ರ. ದೋಣಿಯಲ್ಲಿ ಕಾಲು ಗಂಟೆಯ ದಾರಿಯನ್ನು ರಸ್ತೆಯಲ್ಲಿ ಹೋಗಲು ಸರೋವರದ ತೋಳನ್ನೇ ಸುತ್ತಬೇಕು.

ಪಟ್ಟಿ ಓದುವಾಗ ಮೊದಲು ಮೇಲಿನ ಸಾಲು ನೋಡಿ: ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ? ಬೇಸಿಗೆಗೆ ಒಂದು ಪಟ್ಟಿ, ಉಳಿದ ತಿಂಗಳಿಗೆ ಇನ್ನೊಂದು ಇರುವುದು ರೂಢಿ. ಆಮೇಲೆ ಅಂಕಿಗಳ ಪಕ್ಕದ ಸಣ್ಣ ಗುರುತುಗಳನ್ನು ನೋಡಿ. ಆಲ್ಪ್ಸ್ ಸುತ್ತಲಿನ ದೇಶಗಳ ಪಟ್ಟಿಗಳಲ್ಲಿ ಒಂದಕ್ಕೊಂದು ಅಡ್ಡ ಇಟ್ಟ ಎರಡು ಸುತ್ತಿಗೆಯ ಚಿತ್ರ ಇದ್ದರೆ ಆ ದೋಣಿ ಕೆಲಸದ ದಿನಗಳಲ್ಲಿ ಮಾತ್ರ. ಶಿಲುಬೆಯ ಚಿತ್ರ ಇದ್ದರೆ ಭಾನುವಾರ ಮತ್ತು ರಜಾದಿನಗಳಿಗೆ. ಬೆಳಗ್ಗೆ 7.10ರ ದೋಣಿ ಇದೆ ಎಂದು ಖುಷಿಯಾಗಿ ಭಾನುವಾರ ಕಟ್ಟೆಗೆ ಬಂದವರು ಆ ಪುಟ್ಟ ಸುತ್ತಿಗೆಯನ್ನು ಗಮನಿಸಿರುವುದಿಲ್ಲ. ಪ್ರತಿ ಪಟ್ಟಿಯ ತಳದಲ್ಲಿ ಗುರುತುಗಳ ಅರ್ಥ ಬರೆದಿರುತ್ತಾರೆ. ಮೊದಲು ಅದನ್ನೇ ಓದಿ.

ಕೊನೆಯ ದೋಣಿಯ ಸಮಯವನ್ನು ಕಾಗದದ ಮೇಲೆ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಅದಕ್ಕಿಂತ ಹಿಂದಿನ ದೋಣಿಯಲ್ಲಿ ವಾಪಸ್ ಬರುವ ಹಾಗೆ ಪ್ಲಾನ್ ಮಾಡಿ. ಗಾಳಿ ಜೋರಾದರೆ ಮೊದಲು ರದ್ದಾಗುವುದು ಸಣ್ಣ ದೋಣಿಗಳು.

ಬುಕಿಂಗ್‌ನಲ್ಲಿ ಮೊದಲು ಭಾನುವಾರದ ವಾಪಸ್ ಟಿಕೆಟ್, ಆಮೇಲೆ ರೂಮು, ಕೊನೆಗೆ ಹೋಗುವ ಟಿಕೆಟ್. ಹೋಗಲು ಹೇಗಾದರೂ ದಾರಿ ಸಿಗುತ್ತದೆ. ಭಾನುವಾರ ಸಂಜೆ ಮಾತ್ರ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ ಅಲ್ವಾ?

ಹಂತ 5: ಎರಡು ದಿನ, ಗಂಟೆ ಗಂಟೆಗೆ

ಮೊದಲು ಗಾಳಿಯ ಲೆಕ್ಕ ತಿಳಿದುಕೊಳ್ಳಿ. ಹಗಲು ನೆಲ ಬೇಗ ಕಾಯುತ್ತದೆ. ಅದರ ಮೇಲಿನ ಬಿಸಿಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ನೀರಿನ ಕಡೆಯ ತಂಪು ಗಾಳಿ ನುಗ್ಗುತ್ತದೆ. ರಾತ್ರಿ ಇದರ ತಿರುಗುಮುರುಗು. ಸುತ್ತ ಬೆಟ್ಟ ಇದ್ದರೆ ಕಣಿವೆಯ ಗಾಳಿಯೂ ಸೇರಿಕೊಳ್ಳುತ್ತದೆ. ಇಟಲಿಯ ಗಾರ್ಡಾ ಸರೋವರದಲ್ಲಿ ಇದು ಎಷ್ಟು ನಿಯಮವಾಗಿ ನಡೆಯುತ್ತದೆ ಎಂದರೆ ಗಾಳಿಗಳಿಗೆ ಹೆಸರೇ ಇದೆ: ಬೆಳಗಿನ ಜಾವದಿಂದ ಉತ್ತರದ ಪೆಲೇರ್, ಮಧ್ಯಾಹ್ನದ ಮೇಲೆ ದಕ್ಷಿಣದ ಓರಾ. ಹಾಯಿದೋಣಿಯವರು ಇವನ್ನೇ ನಂಬಿ ದಿನ ಹಂಚಿಕೊಳ್ಳುತ್ತಾರೆ. ಗ್ವಾಟೆಮಾಲಾದ ಅಟಿಟ್ಲಾನ್‌ನಲ್ಲಿ ಮಧ್ಯಾಹ್ನ ಏಳುವ ಗಾಳಿಗೆ ಶೋಕೋಮಿಲ್ ಎಂದು ಹೆಸರು. ಅದು ಶುರುವಾದ ಮೇಲೆ ಸಣ್ಣ ದೋಣಿಯಲ್ಲಿ ಕೂತವರು ಪೂರ್ತಿ ನೆನೆಯುತ್ತಾರೆ.

ಶುಕ್ರವಾರ ರಾತ್ರಿ ಏನೂ ಇಟ್ಟುಕೊಳ್ಳಬೇಡಿ. ಊಟ ಮುಗಿಸಿ ಕಟ್ಟೆವರೆಗೆ ನಡೆದು ಹೋಗಿ, ಅಲ್ಲಿನ ವೇಳಾಪಟ್ಟಿಯ ಫೋಟೋ ತೆಗೆದು ನಿಮ್ಮ ಪಟ್ಟಿಯ ಜೊತೆ ತಾಳೆ ನೋಡಿ. ಕಟ್ಟೆಯ ಬೋರ್ಡಿನ ಮೇಲೆ ಅಂಟಿಸಿದ ಹೊಸ ಚೀಟಿ ಇಂಟರ್‌ನೆಟ್ಟಿನ ಮಾಹಿತಿಗಿಂತ ದೊಡ್ಡದು. ಬೇಗ ಮಲಗಿ.

ಶನಿವಾರ ಸೂರ್ಯ ಹುಟ್ಟುವ ಅರ್ಧ ಗಂಟೆ ಮುಂಚೆ ದಡದಲ್ಲಿರಿ. ಇಡೀ ಪ್ರವಾಸದಲ್ಲಿ ಬಿಡಲೇಬಾರದ ಹೊತ್ತು ಇದು. ನೀರಿನಲ್ಲಿ ಬೆಟ್ಟದ ನೆರಳು ಒಡೆಯದೆ ನಿಂತಿರುತ್ತದೆ, ದೂರದ ಹುಟ್ಟಿನ ಸದ್ದೂ ಕಿವಿಗೆ ಬರುತ್ತದೆ. ಹುಟ್ಟು ಹಾಕುವ ದೋಣಿ, ಕಯಾಕ್ ಏನಿದ್ದರೂ ಏಳರಿಂದ ಹತ್ತರೊಳಗೆ ಮುಗಿಸಿ. ಬಾಡಿಗೆ ದೋಣಿಯವರು ಬೆಳಗ್ಗೆ ಬೇಗ ತೆರೆಯುವುದಿಲ್ಲ ಎಂದರೆ ಹಿಂದಿನ ದಿನವೇ ಮಾತಾಡಿಟ್ಟುಕೊಳ್ಳಿ. ಹೊರಡುವಾಗ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಗಾಳಿಯೇ ತಳ್ಳಿಕೊಂಡು ಬರುತ್ತದೆ. ಉಲ್ಟಾ ಮಾಡಿದರೆ ಕೈ ಸೋತ ಹೊತ್ತಿಗೆ ಎದುರುಗಾಳಿ ಸಿಗುತ್ತದೆ.

ಹನ್ನೊಂದರಿಂದ ನಾಲ್ಕರವರೆಗೆ ದಿನದ ಪ್ರವಾಸಿಗರು ತುಂಬಿರುತ್ತಾರೆ. ಆಗ ದಡ ಬಿಟ್ಟುಬಿಡಿ. ಬೆಟ್ಟದ ಕಾಲುದಾರಿ ಹತ್ತಿ, ಮ್ಯೂಸಿಯಂ ಇದ್ದರೆ ಹೋಗಿ, ಇಲ್ಲದಿದ್ದರೆ ನಿದ್ದೆ ಮಾಡಿ. ಬೆಳಗ್ಗೆ ಐದಕ್ಕೆ ಎದ್ದವರಿಗೆ ಆ ನಿದ್ದೆ ಬೇಕೇ ಬೇಕು. ಕೊನೆಯ ದೊಡ್ಡ ಬಸ್ಸುಗಳು ಹೊರಟ ಮೇಲೆ ಊರು ಮತ್ತೆ ಊರಾಗುತ್ತದೆ, ಅಂಗಡಿಯವರಿಗೂ ನಿಮ್ಮ ಜೊತೆ ಮಾತಾಡಲು ಪುರುಸೊತ್ತು ಸಿಗುತ್ತದೆ. ಸೂರ್ಯ ಮುಳುಗಿದ ಕೂಡಲೇ ಎದ್ದು ಹೋಗಬೇಡಿ. ಆಮೇಲಿನ ಅರ್ಧ ಗಂಟೆ ಆಕಾಶವೂ ನೀರೂ ಒಂದೇ ನೀಲಿಗೆ ತಿರುಗುತ್ತವೆ.

ಭಾನುವಾರ ಬೆಳಗ್ಗೆ ಸರೋವರ ಸುತ್ತುವ ನಡಿಗೆ. ಎಲ್ಲ ಸರೋವರಗಳನ್ನೂ ಸುತ್ತಲು ಆಗುವುದಿಲ್ಲ. ಸ್ಲೊವೇನಿಯಾದ ಬ್ಲೆಡ್‌ನಂಥದ್ದು ಇದಕ್ಕೆ ಹೇಳಿ ಮಾಡಿಸಿದ್ದು: ಸುತ್ತಳತೆ ಸುಮಾರು 6 ಕಿಲೋಮೀಟರ್, ಹೆಚ್ಚುಕಡಿಮೆ ಸಮತಟ್ಟು, ನಿಧಾನವಾಗಿ ನಡೆದರೂ ಎರಡು ಗಂಟೆ ಸಾಕು. ಮೋಟಾರು ದೋಣಿಗಳಿಗೆ ಅಲ್ಲಿ ಅವಕಾಶ ಇಲ್ಲದ ಕಾರಣ ಪೂರ್ತಿ ದಾರಿ ಶಾಂತವಾಗಿರುತ್ತದೆ. ದೊಡ್ಡ ಸರೋವರವಾದರೆ ಒಂದು ಕಡೆಗೆ ದೋಣಿಯಲ್ಲಿ ಹೋಗಿ, ದಡದ ದಾರಿಯಲ್ಲಿ ನಡೆದು ವಾಪಸ್ ಬನ್ನಿ. ಈ ಕ್ರಮ ಒಳ್ಳೆಯದು, ಏಕೆಂದರೆ ನಡೆಯುವಾಗ ಕೊನೆಯ ದೋಣಿಯ ಚಿಂತೆ ಇರುವುದಿಲ್ಲ.

ಊರು ಬಿಡುವುದು ಮಧ್ಯಾಹ್ನ ಒಂದಕ್ಕೆ, ಇಲ್ಲದಿದ್ದರೆ ರಾತ್ರಿ ಊಟ ಮುಗಿಸಿ. ನಾಲ್ಕರಿಂದ ಏಳರ ನಡುವೆ ರಸ್ತೆಗೆ ಇಳಿಯಬೇಡಿ.

ಹಂತ 6: ನೀರಿಗಿಳಿಯುವ ಮುಂಚೆ

ಸರೋವರಕ್ಕೆ ಸಮುದ್ರದ ಹಾಗೆ ದೊಡ್ಡ ಅಲೆ ಇಲ್ಲ, ನದಿಯ ಹಾಗೆ ಸೆಳೆತ ಇಲ್ಲ. ಇದೇ ಕಾರಣಕ್ಕೆ ಜನ ಮೈಮರೆಯುತ್ತಾರೆ. ದಯವಿಟ್ಟು ಈ ಭಾಗವನ್ನು ಹಾರಿಸಿ ಓದಬೇಡಿ.

ಮೊದಲ ಅಪಾಯ ತಣ್ಣೀರು. ನೀರು 15 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ, ಥಟ್ಟನೆ ಬಿದ್ದವರಿಗೆ ತಡೆಯಲಾಗದ ಏದುಸಿರು ಬರುತ್ತದೆ. ಆ ಕ್ಷಣದಲ್ಲಿ ತಲೆ ನೀರಿನೊಳಗಿದ್ದರೆ ಗಾಳಿಯ ಬದಲು ನೀರು ಒಳಗೆ ಹೋಗುತ್ತದೆ. ಈಜು ಬಲ್ಲವರೂ ಹೀಗೆ ಮುಳುಗುತ್ತಾರೆ. ತಣ್ಣೀರಿನ ಅಪಘಾತಗಳ ಬಗ್ಗೆ ಕಲಿಸುವವರು ‘1-10-1’ ಎಂಬ ಲೆಕ್ಕ ಹೇಳುತ್ತಾರೆ: ಉಸಿರು ಹಿಡಿತಕ್ಕೆ ಬರಲು 1 ನಿಮಿಷ, ಕೈಕಾಲು ಮಾತು ಕೇಳುವುದು ಸುಮಾರು 10 ನಿಮಿಷ, ಚಳಿಗೆ ಪ್ರಜ್ಞೆ ತಪ್ಪುವ ಮುಂಚೆ ಸುಮಾರು 1 ಗಂಟೆ. ಹಾಗಾಗಿ ಬಿದ್ದರೆ ಮೊದಲು ಈಜಲು ಹೋಗಬೇಡಿ. ಅಂಗಾತ ತೇಲಿ, ಉಸಿರು ಸರಿಯಾಗಲಿ, ಆಮೇಲೆ ದಡದ ಕಡೆ ನೋಡಿ. ದೋಣಿಯಲ್ಲಿರುವಷ್ಟು ಹೊತ್ತೂ ಲೈಫ್ ಜಾಕೆಟ್ ಮೈಮೇಲಿರಬೇಕು, ಸೀಟಿನ ಕೆಳಗಲ್ಲ.

ಬೇಸಿಗೆಯಲ್ಲೂ ಬೆಚ್ಚಗಿರುವುದು ಮೇಲಿನ ಕೆಲವು ಮೀಟರ್ ಮಾತ್ರ. ನೀರು ಅತಿ ಭಾರವಾಗುವುದು ಸುಮಾರು 4 ಡಿಗ್ರಿಯಲ್ಲಿ. ಆ ತಣ್ಣನೆಯ ನೀರು ತಳದಲ್ಲಿ ಕೂತಿರುತ್ತದೆ. ಮೇಲಿನ ಬಿಸುಪು ನಂಬಿ ಡೈವ್ ಹೊಡೆದರೆ ಒಮ್ಮೆಲೇ ತಣ್ಣೀರು ಸಿಗುತ್ತದೆ. ದಡದ ಆಳವನ್ನೂ ನಂಬಬೇಡಿ. ಹಿಮನದಿ ಕೊರೆದ ಸರೋವರಗಳಲ್ಲಿ ಎರಡು ಹೆಜ್ಜೆಗೆ ನೆಲ ತಪ್ಪುತ್ತದೆ. ಕೋಮೋ 400 ಮೀಟರಿಗೂ ಆಳ. ಸಿಹಿನೀರು ಸಮುದ್ರದ ನೀರಿನಷ್ಟು ಮೈಯನ್ನು ಮೇಲೆತ್ತುವುದೂ ಇಲ್ಲ.

ಎರಡನೆಯದು ನೀರಿನ ಬಣ್ಣ. ಬೇಸಿಗೆಯ ಕೊನೆಗೆ, ಗಾಳಿ ಇಲ್ಲದ ದಿನಗಳಲ್ಲಿ, ದಡದ ಹತ್ತಿರ ಹಸಿರು ಪೇಂಟ್ ಚೆಲ್ಲಿದ ಹಾಗೆ ಕಂಡರೆ ಅದು ನೀಲಿ-ಹಸಿರು ಪಾಚಿ ಇರಬಹುದು. ಕೆಲವು ಬಗೆ ವಿಷ ಬಿಡುತ್ತವೆ. ಕಾಲೂ ಅದ್ದಬೇಡಿ. ಮಕ್ಕಳನ್ನು, ನಾಯಿಯನ್ನು ದೂರ ಇಡಿ. ಅಂಥ ನೀರು ಕುಡಿದು ನಾಯಿಗಳು ಸತ್ತದ್ದುಂಟು. ಆಫ್ರಿಕಾದ ಮಲಾವಿ, ವಿಕ್ಟೋರಿಯಾದಂಥ ಸರೋವರಗಳಲ್ಲಿ ಬಿಲ್ಹಾರ್ಜಿಯಾ ಎಂಬ ಕಾಯಿಲೆಯ ಅಪಾಯ ಇದೆ. ಬಸವನಹುಳುವಿನಿಂದ ನೀರಿಗೆ ಬರುವ ಪರಾವಲಂಬಿ ಚರ್ಮದ ಮೂಲಕ ಒಳಹೊಗುತ್ತದೆ. ಅಲ್ಲಿ ನೀರಿಗಿಳಿದಿದ್ದರೆ ಮನೆಗೆ ಬಂದ ಮೇಲೆ ಡಾಕ್ಟರಿಗೆ ಹೇಳಿ ಪರೀಕ್ಷೆ ಮಾಡಿಸಿಕೊಳ್ಳಿ. ಔಷಧಿ ಇದೆ.

ಗುಡುಗು ಕೇಳಿಸಿದರೆ ನೀರಿಂದ ಹೊರಗೆ ಬನ್ನಿ, ಕಟ್ಟಡದೊಳಗೆ ಅಥವಾ ಕಾರಿನೊಳಗೆ ಹೋಗಿ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ. ಗಾಳಿ ತುಂಬಿದ ಹಾಸಿಗೆ, ಟ್ಯೂಬುಗಳನ್ನು ದಡದಿಂದ ಒಳಕ್ಕೆ ಗಾಳಿ ಬೀಸುವಾಗ ನೀರಿಗೆ ಬಿಡಲೇಬೇಡಿ.

ಚಪ್ಪಲಿ, ಬ್ಯಾಗನ್ನು ನೀರಿನ ಅಂಚಿನಿಂದ ಸ್ವಲ್ಪ ಮೇಲಿಡಿ. ದೊಡ್ಡ ಸರೋವರಗಳಲ್ಲಿ ಗಾಳಿ ನೀರನ್ನು ಒಂದು ತುದಿಗೆ ತಳ್ಳಿ ಬಿಟ್ಟಾಗ ಇಡೀ ಸರೋವರ ಮೆಲ್ಲಗೆ ಅತ್ತಿತ್ತ ತೂಗುತ್ತದೆ. ಸ್ವಿಟ್ಜರ್ಲೆಂಡಿನ ಫ್ರಾನ್ಸ್ವಾ-ಆಲ್ಫೋನ್ಸ್ ಫೋರೆಲ್ (1841–1912) ಜಿನೀವಾ ಸರೋವರದಲ್ಲಿ ಈ ತೂಗಾಟವನ್ನು ವರ್ಷಗಟ್ಟಲೆ ಅಳೆದರು. ಸರೋವರಗಳ ಅಧ್ಯಯನವೇ ಒಂದು ಶಾಸ್ತ್ರವಾಗಿ ಬೆಳೆದದ್ದು ಅವರಿಂದ. ದಡದಲ್ಲಿ ಕೂತಾಗ ಒಂದು ಕಲ್ಲಿನ ಮೇಲೆ ನೀರಿನ ಗೆರೆ ಗುರುತು ಮಾಡಿಟ್ಟು ಆಗಾಗ ನೋಡಿ. ಮಕ್ಕಳಿಗೆ ತುಂಬಾ ಇಷ್ಟವಾಗುತ್ತದೆ.

ಹಂತ 7: ಬ್ಯಾಗಿಗೆ ಏನು?

ಬೇಸಿಗೆಯಲ್ಲೂ ಒಂದು ಬೆಚ್ಚನೆ ಅಂಗಿ, ಗಾಳಿ ತಡೆಯುವ ಜಾಕೆಟ್. ಪೋಲರಾಯ್ಡ್ ಕನ್ನಡಕ, ಏಕೆಂದರೆ ನೀರಿನ ಹೊಳಪು ಕಳೆದು ತಳದ ಕಲ್ಲು, ಮೀನು ಕಾಣುತ್ತವೆ. ನೀರಿಂದ ಪುಟಿಯುವ ಬಿಸಿಲು ಗದ್ದದ ಕೆಳಗೂ ಸುಡುತ್ತದೆ, ಅಲ್ಲಿಗೂ ಸನ್‌ಸ್ಕ್ರೀನ್ ಹಚ್ಚಿ. ಜಾರದ ಚಪ್ಪಲಿ, ಸೊಳ್ಳೆ ಔಷಧಿ, ಸಣ್ಣ ಟಾರ್ಚ್, ಫೋನಿಗೆ ನೀರು ಹೋಗದ ಚೀಲ. ದಿನದ ಔಷಧಿ ಎರಡು ದಿನಕ್ಕೆ ಬದಲು ನಾಲ್ಕು ದಿನಕ್ಕೆ ಆಗುವಷ್ಟಿರಲಿ. ಭಾನುವಾರ ಸಣ್ಣ ಊರಿನ ಔಷಧಿ ಅಂಗಡಿ ಮುಚ್ಚಿರಬಹುದು. ಸ್ವಲ್ಪ ನಗದು ಇಟ್ಟುಕೊಳ್ಳಿ.

ಮುಸ್ಸಂಜೆ ಕಿಟಕಿ ತೆರೆದಿಟ್ಟು ಲೈಟ್ ಹಾಕಬೇಡಿ. ನೀರಿನ ಹುಳುಗಳೆಲ್ಲ ರೂಮಿಗೆ ಬರುತ್ತವೆ.

ಹಂತ 8: ಮಳೆ ಬಂದರೆ

ಪೂರ್ತಿ ದಿನ ಮಳೆ ಎಂದು ಮುನ್ಸೂಚನೆ ಇದ್ದರೂ ಗಂಟೆವಾರು ಪಟ್ಟಿ ನೋಡಿ, ನಡುವೆ ಬಿಡುವು ಸಿಗುತ್ತದೆ. ಮಳೆಯಲ್ಲಿ ಮುಚ್ಚಿದ ದೊಡ್ಡ ದೋಣಿಯಲ್ಲಿ ಪೂರ್ತಿ ಸುತ್ತು ಹೋಗುವುದು ಬಹಳ ಚೆಂದ. ಜನ ಇರುವುದಿಲ್ಲ, ಬೆಟ್ಟಗಳ ಮೇಲೆ ಮೋಡ ಇಳಿದಿರುತ್ತದೆ. ಆದರೆ ಗಾಳಿಯ ಮುನ್ನೆಚ್ಚರಿಕೆ ಇದ್ದರೆ ಪ್ರವಾಸವನ್ನೇ ಮುಂದೂಡಿ. ಅದಕ್ಕಾಗಿಯೇ ರದ್ದು ಮಾಡಬಹುದಾದ ರೂಮು ಹಿಡಿಯಿರಿ, ಎರಡು ಕಾಸು ಜಾಸ್ತಿಯಾದರೂ ಸರಿ.

ಹಂತ 9: ಊರಿನ ಬಗ್ಗೆ, ನೀರಿನ ಬಗ್ಗೆ

ಬಿಸಿಲಿಳಿದ ಮೇಲೆ ನೀರಿಗೆ ತಾಗಿದ ಗಾಳಿ ತಂಪಾಗಿ, ಮೇಲಿನ ಗಾಳಿ ಬೆಚ್ಚಗಿದ್ದರೆ ಸದ್ದು ಮೇಲಕ್ಕೆ ಹೋಗದೆ ನೀರಿನ ಕಡೆಗೇ ಬಾಗುತ್ತದೆ. ನಿಮ್ಮ ಸ್ಪೀಕರಿನ ಹಾಡು ಆಚೆ ದಡದ ಮನೆಗೂ ಕೇಳಿಸುತ್ತದೆ. ರಾತ್ರಿ ದಡದಲ್ಲಿ ಹಾಡು ಹಾಕಬೇಡಿ. ಸರೋವರದಲ್ಲಿ ಸೋಪು, ಶಾಂಪೂ ಬೇಡ. ನಿಂತ ನೀರು ಕೊಳೆಯನ್ನು ಬೇಗ ಹೊರಗೆ ಹಾಕುವುದಿಲ್ಲ.

ಕಯಾಕ್, ಲೈಫ್ ಜಾಕೆಟ್, ಮೀನಿನ ಗಾಳ ನಿಮ್ಮದೇ ಆಗಿದ್ದರೆ ಹೊರಡುವ ಮುಂಚೆ ಕೆಸರು, ಪಾಚಿ ತೊಳೆದು, ನೀರು ಬಸಿದು, ಮನೆಯಲ್ಲಿ ಪೂರ್ತಿ ಒಣಗಿಸಿ. ಕಪ್ಪು ಸಮುದ್ರ, ಕ್ಯಾಸ್ಪಿಯನ್ ಕಡೆಯ ಜೀಬ್ರಾ ಚಿಪ್ಪುಜೀವಿ 1980ರ ದಶಕದಲ್ಲಿ ಹಡಗುಗಳ ನೀರಿನ ಜೊತೆ ಉತ್ತರ ಅಮೆರಿಕದ ಮಹಾ ಸರೋವರಗಳಿಗೆ ಬಂತು. ನೀರಿನ ಕೊಳವೆಗಳ ಬಾಯಿ ಮುಚ್ಚಿಹಾಕಿ, ಅಲ್ಲಿನ ಜೀವಿಗಳನ್ನು ಹಿಂದೆ ತಳ್ಳಿತು. ಆಮೇಲೆ ಒಳನಾಡಿನ ಸಣ್ಣ ಸರೋವರಗಳಿಗೆ ಅದನ್ನು ಸಾಗಿಸಿದ್ದು ಹೆಚ್ಚಾಗಿ ಇಂಥ ವಾರಾಂತ್ಯದ ದೋಣಿಗಳೇ. ಅದರ ಮರಿಗಳು ಕಣ್ಣಿಗೆ ಕಾಣುವುದಿಲ್ಲ, ಒಂದಿಷ್ಟು ನೀರು ಉಳಿದರೂ ಅದರಲ್ಲಿ ಬದುಕಿರುತ್ತವೆ. ಹಾಗಾಗಿ ಕಯಾಕಿನ ಬಿರಡೆ ತೆಗೆದು ಮಗುಚಿಡಿ, ಶೂಗಳನ್ನು ಬಿಸಿಲಿಗೆ ಹಾಕಿ. ಪೂರ್ತಿ ಒಣಗುವವರೆಗೆ ಅವನ್ನು ಇನ್ನೊಂದು ಸರೋವರಕ್ಕೆ ಒಯ್ಯಬೇಡಿ.